ನಾಲ್ಕನೆಯ ಮಾದರಿ

ಸೀಸೆಗಳ ಮೇಲೆ ಹೆಸರಿಲ್ಲ, ಅಂಕಿ ಮಾತ್ರ.
ಒಂದು, ಹೊಸ ಬಸ್‌ಸ್ಟ್ಯಾಂಡಿನ ಹೋಟೆಲಿನ ಕಾಫಿ.
ಎರಡು, ರಂಸೀನಳ ಉಮ್ಮ ಥರ್ಮಾಸಿನಲ್ಲಿ ಕಳಿಸಿದ ಸುಲೈಮಾನಿ,
ನಿಂಬೆಯ ಬೀಜವೊಂದು ಇನ್ನೂ ತೇಲುತ್ತಿದೆ.
ಮೂರು, ಕುಲುಕಿ ಕುಲುಕಿ ಗ್ಯಾಸು ಬಿಡಿಸಿದ ಕೋಲಾ.
ನಾಲ್ಕು, ಹಾಲು ಬೀಳುವ ಮೊದಲೇ ಹಿಡಿದ ಕಟ್ಟನ್ ಚಾ,
ಉಪ್ಪಳ ಗೇಟಿನ ಹತ್ತಿರದ್ದು.
ಯಾರ ಅಂಗಡಿಯದೆಂದು ನಾನು ಹೇಳಲಿಲ್ಲ.

ಬಿಜೇಶ್ ಸರ್ ಮಲಯಾಳದಲ್ಲಿ ವಿವರಿಸುತ್ತಾರೆ,
ರೆಕಾರ್ಡು ಇಂಗ್ಲಿಷಿನಲ್ಲಿ.
ಪಿಪೆಟ್ಟಿನ ಗೆರೆಗೆ ಕಣ್ಣಿಟ್ಟಾಗ ಮಾತ್ರ ನನ್ನ ಬಾಯಿ
ತಾನಾಗಿ ತುಳುವಿಗೆ ಇಳಿಯುತ್ತದೆ:
ಒಂಜಿ, ರಡ್ಡ್, ಮೂಜಿ.

ಸೋಡಾ ಹಾಕಿ ಕುದಿಸಿ, ತಣಿಸಿ, ಕ್ಲೋರೋಫಾರ್ಮ್ ಸುರಿದು
ಆಲಿಕೆಯನ್ನು ತೊಟ್ಟಿಲಿನಷ್ಟೇ ತೂಗಬೇಕು,
ಆಗಾಗ ತಿರುಪು ಬಿಚ್ಚಿ ಅದರ ಉಸಿರು ಬಿಡಿಸಬೇಕು.
ಜೋರು ಮಾಡಿದರೆ ನೊರೆಗಟ್ಟಿ ಒಂದರೊಳಗೊಂದು ಸಿಕ್ಕಿಕೊಂಡು
ಮಧ್ಯಾಹ್ನವೆಲ್ಲ ಕಾಯಿಸುತ್ತದೆ.
ಮೇಲೆ ಕಂದು ನೀರು. ಕೆಳಗೆ, ಏನೂ ಇಲ್ಲದ ಹಾಗೆ, ತಿಳಿ.
ನಡುವೆ ಗೆರೆ.
'ಗಡಿ ಅಂತ ಬರೆಯಬೇಡ ಮಾರಾಯ್ತಿ' ಎಂದಳು ರಂಸೀನ,
'ನಿಮ್ಮ ಕವಿಗೋಷ್ಠಿಯವರಿಗೆ ಸಿಕ್ಕ ಗೆರೆಯೆಲ್ಲ ಗಡಿಯೇ.'
ಬರೆಯಲಿಲ್ಲ.
ನಿದ್ದೆಗೆಡಿಸುವುದು ಆ ತಿಳಿಗೆ ಇಳಿದುಬಿಡುತ್ತದೆ,
ಬಣ್ಣ, ಒಗರು ಮೇಲೆಯೇ ಉಳಿದು.

ಆಮೇಲೆ ಕತ್ತಲೆಪೆಟ್ಟಿಗೆ, ಕಣ್ಣಿಗೆ ಕಾಣದ ಬೆಳಕು.
ಸ್ಟ್ಯಾಂಡರ್ಡಿನ ಐದು ಚುಕ್ಕಿ ಗ್ರಾಫಿನಲ್ಲಿ
ಅಸೆಂಬ್ಲಿಯ ಮಕ್ಕಳ ಹಾಗೆ ಸಾಲು ನಿಂತವು.
ಒಂದು, ಎರಡು, ಮೂರು ತಂತಮ್ಮ ಜಾಗಕ್ಕೆ ಹೋದವು.
ನಾಲ್ಕು ಸೊನ್ನೆಗೆ ಒರಗಿ ಕೂತಿತ್ತು.
ಗ್ಲಾಸಿಗೆ ಏಳು ಮಿಲಿಗ್ರಾಂ.
'ಇದೇನು, ಚಾಯವೋ ಬಿಸಿನೀರೋ?' ಎಂದರು ಸರ್.
ಎಲ್ಲರೂ ನಕ್ಕರು. ನಾನೂ, ಸ್ವಲ್ಪ ತಡವಾಗಿ.

ಪುನಃ ಮಾಡಿದೆ. ಏಳು.
ಮತ್ತೂ ಮಾಡಿದೆ. ಏಳೂವರೆ.

ಅಪ್ಪನ ಬಟ್ಟೆಯ ಸೋಸಣಿಗೆ ಕಣ್ಣೆದುರು ತೂಗಿತು:
ಬೆಳಗ್ಗಿನ ಹುಡಿ ಚೆಲ್ಲದೆ, ಅದರ ಮೇಲೆ ಚಿಟಿಕೆ ಹೊಸತು,
ಮಧ್ಯಾಹ್ನ ಇನ್ನೊಂದು ಚಿಟಿಕೆ,
ಕಪ್ಪಾಗಲಿ ಎಂದು ಕಾಯಿಸುವುದೇ ಕಾಯಿಸುವುದು.
ರಾತ್ರಿ ಎರಡಕ್ಕೆ ಮಲ್ಪೆಯ ಮೀನಿನ ಲಾರಿಗಳು ಅಲ್ಲೇ ನಿಲ್ಲುತ್ತವೆ.
ಐತ್ತಪ್ಪಣ್ಣನ ಚಾ ಕುಡಿದರೆ
ಕಣ್ಣೂರಿನ ತನಕ ಕಣ್ಣು ಮುಚ್ಚುವುದಿಲ್ಲವಂತೆ.
ಏಳು ಮಿಲಿಗ್ರಾಮಿನಲ್ಲಿ ಅಷ್ಟು ದೂರ!
ನಾನು ಎಸ್ಸೆಸ್ಸೆಲ್ಸಿಯ ಗಣಿತ ದಾಟಿದ್ದೂ
ಅದನ್ನೇ ಕುಡಿದು.

ತಪ್ಪಿನ ಮೂಲ ಬರೆಯಿರಿ, ಎನ್ನುತ್ತದೆ ರೆಕಾರ್ಡಿನ ಕೊನೆಯ ಕಾಲಂ.
'ಹುಡಿಯ ಕ್ರಯ' ಎಂದು ಪೆನ್ಸಿಲಿನಲ್ಲಿ ಬರೆದು ಉಜ್ಜಿದೆ.
ಉಜ್ಜಿದಲ್ಲಿ ಕಾಗದ ತೆಳುವಾಯಿತು.
ಅಂಕಿಯನ್ನು ಮಾತ್ರ ಮುಟ್ಟಲಿಲ್ಲ.

ಸಂಜೆ ಅಂಗಡಿಯಲ್ಲಿ ಗ್ಲಾಸು ಮುಂದೆ ತಳ್ಳಿ ಅಪ್ಪ ಕೇಳಿದ,
'ನಮ್ಮದಕ್ಕೆ ಎಷ್ಟು ಬಂತು?'
'ಏಳು.'
'ಹತ್ತರಲ್ಲಾ?'
ನಾನು ಉತ್ತರ ಹುಡುಕುವಷ್ಟರಲ್ಲಿ
ಲಾರಿಯೊಂದು ಬ್ರೇಕು ಹಾಕಿತು,
ಅಪ್ಪ ಎರಡು ಗ್ಲಾಸು ತೊಳೆಯಲು ಎದ್ದ.