ಬುಧವಾರ, ಮೋರ್ಗನ್ಸ್ ಗೇಟ್

ಆರು ದಿನ ಈ ಸ್ಟಾಪಿನ ಹೆಸರು ಕೂಗುತ್ತೇನೆ.
ಏಳನೆಯ ದಿನ ಇಲ್ಲಿ ನಾನೇ ಇಳಿಯುತ್ತೇನೆ,
ಬೆನ್ನಿಗೆ ಕಪ್ಪು ಚೀಲ.
"ಎಂತ ಮಾರಾಯ, ಅದರೊಳಗೆ ಹೆಣ ಉಂಟಾ?"
ಎಂದ ಡ್ರೈವರ್ ಮೋನಾಕ.
"ಹೌದು, ಎಬ್ಬಿಸಿ ಕೂರಿಸಲಿಕ್ಕೆ ಕೊಂಡುಹೋಗುವುದು" ಎಂದೆ.

ಬೊನಿಫಾಸ್ ಸರ್ ಮನೆಯ ಜಗಲಿಯಲ್ಲಿ ಎರಡು ಕುರ್ಚಿ.
ಗಂಟೆಗೆ ಮುನ್ನೂರು.
ನನಗಿಂತ ಮೊದಲು ಬರುವ ಹುಡುಗಿಗೆ ಒಂಬತ್ತು ವರ್ಷ.
ನನಗೆ ಬಾರದ್ದನ್ನು ಬಾರಿಸಿ ಮುಗಿಸಿ
"ಬಾಯ್ ಅಂಕಲ್" ಎಂದು ಹೋಗುತ್ತಾಳೆ.

ಮೊದಲ ದಿನ ಸರ್ ಕೇಳಿದ್ದು: "ಎಂತ ಆಗಬೇಕು ನಿಮಗೆ? ಬರೆಯಿರಿ.
ಈ ತಿಂಗಳಿಗೊಂದು, ಈ ವರ್ಷಕ್ಕೊಂದು,
ಮತ್ತೊಂದು, ಉಸಿರು ಇರುವುದರೊಳಗೆ."
ಕಿಸೆಯಲ್ಲಿದ್ದ ಹಳೆ ಟಿಕೆಟಿನ ಬೆನ್ನಿಗೆ ಬರೆದೆ,
ಚೆನ್ನಾಗಿ ನುಡಿಸಬೇಕು.
ಸರ್ ಓದಿ ಕನ್ನಡಕ ತೆಗೆದರು.
"ಚೆನ್ನಾಗಿ ಎಂಬ ಸ್ಟಾಪ್ ಎಲ್ಲುಂಟು?
ನಿಮ್ಮ ಬಸ್ಸು ಅಲ್ಲಿ ನಿಲ್ಲುತ್ತದಾ?
ಇಳಿಯಲಿಕ್ಕೆ ಆಗುವ ಹೆಸರು ಬರೆಯಿರಿ."

ಹೊಡೆದುಹಾಕಿ ಬರೆದೆ.
ತಿಂಗಳಿಗೆ: ಜಿಯಿಂದ ಸಿಗೆ, ನಡುವೆ ನಿಲ್ಲದೆ.
ವರ್ಷಕ್ಕೆ: ಎಫ್. ಅದು ಕಷ್ಟ ಎಂದು ಆ ಹುಡುಗಿ ಹೇಳಿದ್ದಳು.
ಮೂರನೆಯದರಲ್ಲಿ ಪೆನ್ನು ತುಸು ಹೊತ್ತು ನಿಂತು
ಒಂದು ಚುಕ್ಕೆ ಬಿಟ್ಟು ಎದ್ದಿತು.

ನನ್ನ ಎಡಗೈ ತಿರುಗಿಸಿ ನೋಡಿದರು, ಜೋಯಿಸರ ಹಾಗೆ.
ಇಪ್ಪತ್ತೆರಡು ವರ್ಷ ಈ ಬೆರಳುಗಳ ಸಂದಿನಲ್ಲಿ
ಹತ್ತು ಬೇರೆ, ಇಪ್ಪತ್ತು ಬೇರೆ, ಐವತ್ತು ಬೇರೆ
ಉದ್ದಕ್ಕೆ ಮಡಚಿ ಹಿಡಿದದ್ದು;
ಪಂಪ್‌ವೆಲ್ಲಿನ ತಿರುವಿನಲ್ಲಿ ಬಸ್ಸು ವಾಲಿದರೂ
ಒಂದರ ಜಾಗಕ್ಕೆ ಇನ್ನೊಂದು ಹೋಗುತ್ತಿರಲಿಲ್ಲ.
ಈಗ ಸೀಟಿಗೊಬ್ಬರು ಮೊಬೈಲು ಚಾಚುತ್ತಾರೆ.
ನನ್ನ ಕೊರಳಲ್ಲಿ ಕಪ್ಪು ಚೌಕಗಳ ಚೀಟಿ,
ದುಡ್ಡು ನನ್ನನ್ನು ಮುಟ್ಟದೆ ದಾಟಿ ಹೋಗುತ್ತದೆ.
ಸಂದುಗಳು ಖಾಲಿ.
ಅಲ್ಲಿಗೆ ತಂತಿ ಬಂದದ್ದು ಹೀಗೆ,
ಇದನ್ನು ಮನೆಯಲ್ಲಿ ಹೇಳಲಿಕ್ಕೆ ಆಗಲಿಲ್ಲ.
"ಇದರಲ್ಲಿ ದುಡ್ಡು ಬರ್ತದಾ?" ಎಂದಳು ಪ್ರಫುಲ್ಲ.
"ಇಲ್ಲ. ಹೋಗ್ತದೆ" ಎಂದೆ.

ಒಂದು ಎರಡು ಮೂರು ನಾಲ್ಕು, ಎಣಿಸಿದರೆ ತಪ್ಪುತ್ತದೆ.
"ಎಣಿಸಬೇಡಿ. ಬಸ್ಸಿಗೆ ಬಡಿಯುವ ಹಾಗೆ ಬಡಿಯಿರಿ."
ಕುರ್ಚಿಯ ತೋಳಿಗೆ ನಾಣ್ಯದಿಂದ ಬಡಿದೆ:
ಟಕ್, ಟಕ್ಕಟ, ಪೋಯಿ.
"ಹಾಂ, ಇದೇ. ಈಗ ಬಲಗೈಗೆ ಹೇಳಿಕೊಡಿ."

ಎಫ್ ಎಂದರೆ ತೋರುಬೆರಳು ಆರೂ ತಂತಿಗೆ ಅಡ್ಡ ಮಲಗಬೇಕು,
ಫುಟ್‌ಬೋರ್ಡಿನ ಕಂಬಿಯಷ್ಟು ನೇರ.
ಗೆಣ್ಣು ಮಡಚುವಲ್ಲಿ ಒಂದು ತಂತಿ ನುಣುಚಿಕೊಳ್ಳುತ್ತದೆ.
ಹನ್ನೊಂದು ತಿಂಗಳು ಅದು ಬರೀ ಡಬ್ಬದ ಸದ್ದು.
ಟಿಕೆಟು ಖಾಕಿ ಅಂಗಿಯ ಜೊತೆ ಒಗೆಯಲಿಕ್ಕೆ ಹೋಗಿ
ಉಂಡೆಯಾಗಿ ಬಂತು. ಬಿಡಿಸಿದರೆ ಅಕ್ಷರ ಒಂದೂ ಇಲ್ಲ.
ಚುಕ್ಕೆ ಉಂಟು.

ಟೈಮಿಗೆ ಹೆದರುವವನು ನಾನು.
ಹಿಂದಿನ ಬಸ್ಸು ಹಾರ್ನ್ ಒತ್ತುತ್ತಿರುವಾಗ
ಕೊಡೆ ಬೀಸುತ್ತ ಓಡಿ ಬರುವವರನ್ನು ಕಂಡೂ ವಿಸಿಲ್ ಊದಿದವನು;
ಅವರ ಬಾಯಿ ಏನೆಂದಿತೋ, ಎಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲ.

ಇವತ್ತು ಹುಡುಗಿ ಹೋಗಿಯಾಗಿದೆ.
ಸರ್ ಒಳಗೆ ಫೋನಿನಲ್ಲಿ ಯಾರ ಜೊತೆಗೋ
ಗ್ಯಾಸ್ ಸಿಲಿಂಡರಿನ ವಿಷಯ ಕೊಂಕಣಿಯಲ್ಲಿ ಜಗಳಾಡುತ್ತಿದ್ದಾರೆ.
ಬೆರಳು ಅಡ್ಡ ಇಟ್ಟು ಒಂದೊಂದೇ ಮೀಟಿದೆ.
ಹತ್ತಿತು. ಹತ್ತಿತು. ಮತ್ತೊಂದು.
ಐದು ಹತ್ತಿ ಕೂತವು.
ಆರನೆಯದು ಅಗೋ, ಪೆಟ್ರೋಲ್ ಪಂಪಿನ ಹತ್ತಿರ,
ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬರುತ್ತಿದೆ.

ಬರಲಿ.
ವಿಸಿಲ್ ಕಿಸೆಯಲ್ಲೇ ಉಂಟು.