ಗರಗಸಕ್ಕೆ ಹೋದದ್ದು

ಬಂದರಿನಲ್ಲಿ ಕ್ರೇನು ನಡೆಸುವ ಉಲ್ಹಾಸ ತಾಂಡೇಲ
ಹಳೇ ಲುಂಗಿಯಲ್ಲಿ ಸುತ್ತಿ ತಂದದ್ದು
ತನ್ನ ಆಯಿಯ ಹೆರೆಮಣೆ.
ಕಬ್ಬಿಣದ ಹಲ್ಲು ಆಗಲೇ ಕಿತ್ತಿತ್ತು.
ಬೀಟೆ. ಮುಕ್ಕಾಲು ಪಾಲು ಗೆದ್ದಲಿಗೆ,
ಉಳಿದದ್ದು ನಮಗೆ.

"ಪೂಲ್ ಆಡುವ ನನ್ನ ಕೋಲಿಗೆ ಇದನ್ನು ಕೂರಿಸಿ,
ಹಿಡಿಯ ಸುತ್ತ ಹದಿನಾರು ಶಂಕರಪಾಳಿ.
ಬೇರೆ ಮರ ಬೇಡ. ಒಂದೂ ಬೇಡ."
ಬೇಡ ಅನ್ನುವಾಗ ನೋಡಿದ್ದು ನನ್ನನ್ನು,
ಪುತ್ತು ಚಾರಿಯನ್ನಲ್ಲ.

ಒತ್ತಿದರೆ ಉದುರುವುದನ್ನೆಲ್ಲ ಕೆರೆದು ಚೆಲ್ಲಿದ ಮೇಲೆ
ಸಿಕ್ಕಿದ್ದು ಬೆಂಕಿಪೊಟ್ಟಣದಷ್ಟು.
ಸೇತುವೆಯ ಮೇಲೆ ಲಾರಿ ಹೋದಾಗಲೆಲ್ಲ
ಕೋಡಿಬಾಗದ ನಮ್ಮ ಮೇಜು ನಡುಗುತ್ತದೆ,
ಅದು ಮೇಜಿನ ಮೇಲೆ ಒಂದು ಕೂದಲೆಳೆ ಸರಿಯಿತು.

ನಾನು ಪೆನ್ಸಿಲ್ ಹಿಡಿದೆ.
ಲಟ್ಟಿಸಿದ ಹಿಟ್ಟಿನ ಮೇಲೆ ಗೀರಿದ ಹಾಗೆ
ಓರೆಗೆರೆ, ಅದಕ್ಕೆ ಅಡ್ಡ ಇನ್ನೊಂದು ಓರೆಗೆರೆ.
ಏಳೇ ಏಳು ಬಂದವು.
ಅಂಚಿನಲ್ಲಿ ಉಳಿಯುವ ಮುಕ್ಕೋನಗಳು
ಹಬ್ಬದ ದಿನವಾದರೆ ಮಕ್ಕಳ ಬಾಯಿಗೆ.
ಇಲ್ಲಿ?

ಪುತ್ತು ಚಾರಿ ಬೀಡಿ ಕೆಳಗಿಟ್ಟು
ಮಲಗಿದ್ದ ತುಂಡನ್ನು ಎತ್ತಿ
ನೆಟ್ಟಗೆ ನಿಲ್ಲಿಸಿದ.
ಅಷ್ಟೇ. ನಿಲ್ಲಿಸಿದ, ಬೀಡಿ ಮತ್ತೆ ತಗೊಂಡ.

ಬೀಡಿ ಮುಗಿಯುವ ಹೊತ್ತಿಗೆ ನನಗೆ ತಿಳಿಯಿತು.
ಇಡೀ ತುಂಡಿಗೇ ನಾಲ್ಕು ಓರೆ ಬದಿ ಕೊಟ್ಟು
ತಲೆಯಿಂದ ಬುಡದವರೆಗೂ ಒಂದೇ ಶಂಕರಪಾಳಿ ಮಾಡಿ
ಅಡ್ಡಕ್ಕೆ ಹೆಚ್ಚುತ್ತ ಹೋಗುವುದು,
ಚಿಪ್ಸಿಗೆ ಬಾಳೆಕಾಯಿ ಹೆಚ್ಚಿದಂತೆ.

ಉದ್ದ ಐದು ಸೆಂಟಿಮೀಟರ್, ಬಿಲ್ಲೆಗೆ ಎರಡು ಮಿಲಿಮೀಟರ್.
"ಇಪ್ಪತ್ತೈದು!" ಅಂದೆ.
"ಗರಗಸ ಉಪವಾಸವೋ?" ಅಂದ ಚಾರಿ.

ಉಪವಾಸವಲ್ಲ. ನಮ್ಮ ಗರಗಸ ಸಾಲಿನಲ್ಲಿ ಮೊದಲು ಕೂರುತ್ತದೆ.
ಪ್ರತಿ ಕೊಯ್ತಕ್ಕೆ ಒಂದೂವರೆ ಮಿಲಿಮೀಟರ್ ಉಂಡು
ಹೊಟ್ಟು ಕಕ್ಕುತ್ತದೆ.
ಲೆಕ್ಕ ಹಾಕಿದೆ: ಹದಿನಾಲ್ಕು.
ಒಂದು ಮನೆಯ ಆಯಿ ನಲವತ್ತು ವರ್ಷ ಕೂತ ಮರದಲ್ಲಿ
ಎರಡು ಕಡಿಮೆ.

ಸೈಕಲ್ ಹತ್ತಿ ದತ್ತಾರಾಮ ಶೇಟರ ಅಂಗಡಿಗೆ ಹೋದೆ.
ಅವರ ಗರಗಸದ ಅಲಗು ಹಿಡಿದರೆ ಕಾಣುವುದಿಲ್ಲ,
ಬೆರಳಿಗೆ ತಾಗಿದಾಗಲೇ ಗೊತ್ತು.
ಅರ್ಧ ಮಿಲಿಮೀಟರಿನ ಊಟ, ಚಿನ್ನ ತಿಂದು ಕಲಿತದ್ದು.
"ಕೊಡುವಾಗ ಅದರ ಹಲ್ಲು ಝಾಡಿಸಿ ಕೊಟ್ಟಿದ್ದೇನೆ," ಅಂದರು ಶೇಟರು,
"ನನ್ನ ಪುಡಿ ನನ್ನಲ್ಲೇ ಇದೆ."

ಸಂಜೆಯವರೆಗೆ ಕೊಯ್ದೆ.
ಎರಡು ಅಲಗು ತುಂಡಾದವು, ಬೆವರು ಕಣ್ಣಿಗಿಳಿಯಿತು,
ಮೂರನೆಯ ಬಿಲ್ಲೆಯ ಹೊತ್ತಿಗೆ ಮರ ಬಿಸಿಯಾಗಿ
ಕೊಬ್ಬರಿಯ ವಾಸನೆ ಬಂತು.
ಬೀಟೆಗೆ ಆ ವಾಸನೆ ಇಲ್ಲ.
ಒಳಗೆ ಎಷ್ಟು ಆಳಕ್ಕೆ ಇಳಿದಿತ್ತೋ ಏನೋ,
ಕೊನೆಯ ಬಿಲ್ಲೆಯವರೆಗೂ ಇತ್ತು.

ಇಪ್ಪತ್ತು ಬಿಲ್ಲೆ. ಎರಡು ಎಳೆಯ ಗುಂಟ ಸೀಳಿದವು.
ಹದಿನಾರು ಶಿವಣೆಯ ಹಿಡಿಯಲ್ಲಿ
ತಮ್ಮ ತಮ್ಮ ಗುಳಿಯಲ್ಲಿ ಕೂತವು,
ಸಂದು ಬಿಟ್ಟಲ್ಲಿ ಅವುಗಳದೇ ಹೊಟ್ಟನ್ನು
ಗೋಂದಿನಲ್ಲಿ ಕಲಸಿ ತುಂಬಿದೆ.
ಅಡ್ಡಕೊಯ್ತದ ಮರದಲ್ಲಿ ಗೆರೆ ಇರುವುದಿಲ್ಲ,
ಬರೀ ಚುಕ್ಕಿ, ಸೂಜಿ ಚುಚ್ಚಿದಷ್ಟು.

ಉಲ್ಹಾಸ ಬಂದು ಕೋಲನ್ನು ಮೂಸಿ ನೋಡಿದ.
ಪಾಲಿಶ್ ಹೊಡೆದಾಗಿತ್ತು, ಏನೂ ಸಿಗಲಿಲ್ಲ ಅವನಿಗೆ.
ಮಿಕ್ಕ ಒಂದು ಬಿಲ್ಲೆಯನ್ನು ಬೆಂಕಿಪೊಟ್ಟಣದಲ್ಲಿಟ್ಟು ಕೊಟ್ಟೆ.
ದುಡ್ಡೆಣಿಸಿ, ಕೋಲನ್ನು ಮಗುವಿನಂತೆ ಅಡ್ಡ ಹಿಡಿದು
ಕ್ಲಬ್ಬಿನ ಕಡೆ ಹೋದ.

ಇನ್ನೊಂದು ನನ್ನ ಪರ್ಸಿನ ಚಿಲ್ಲರೆ ಖಾನೆಯಲ್ಲಿದೆ.
ಯಾಕೆಂದು ಕೇಳಬೇಡಿ.
ನಮ್ಮ ಮನೆಯಲ್ಲಿ ನನಗೆ ನೆನಪಿರುವಾಗಿಂದ ಮಿಕ್ಸಿಯೇ.

ರಾತ್ರಿ ಪುತ್ತು ಚಾರಿ ಲೆಕ್ಕದ ಪುಸ್ತಕ ತೆಗೆದ.
ಕೊಯ್ದದ್ದು ಇಪ್ಪತ್ತು. ಕೋಲಿಗೆ ಹದಿನಾರು. ವಾಪಸು ಒಂದು.
ಕಸದ ಡಬ್ಬಿಯತ್ತ ಒಮ್ಮೆ ನೋಡಿದ,
ಸೀಳಿದ ಎರಡೂ ಅಲ್ಲಿ ಮೇಲೆಯೇ ಕಾಣುತ್ತಿದ್ದವು.
ಪೆನ್ಸಿಲಿನ ತುದಿ ನಾಲಿಗೆಗೆ ಮುಟ್ಟಿಸಿ ಬರೆದ:
ಗರಗಸಕ್ಕೆ ಹೋದದ್ದು, ಮೂರು.

"ಲೈಟ್ ಆರಿಸು," ಅಂದ, ತಲೆಯೆತ್ತದೆ,
"ಸುಮ್ಮನೆ ಉರೀತಿದೆ."