ಫ್ಲ್ಯಾಶ್: ಹೌದು

ಸೀ ವ್ಯೂ ಸ್ಟುಡಿಯೋದಿಂದ ಸಮುದ್ರ ಯಾವತ್ತೂ ಕಂಡದ್ದಿಲ್ಲ.
ಕಾಣುವುದು ಎದುರಿನ ಟಯರ್ ಅಂಗಡಿ,
ಅದರಾಚೆ ಜೆಪ್ಪಿನ ಹಂಚಿನ ಕಾರ್ಖಾನೆಯ
ಹೊಗೆ ಮರೆತ ಚಿಮಣಿ.
ಮಾರ್ಚಿಗೆ ಬಾಗಿಲು ಹಾಕುವುದೆಂದು ಪೊರ್ಬುಗಳು
ಎರಡು ಹಾರ್ಡ್ ಡಿಸ್ಕು ತಂದು ಮುಂದಿಟ್ಟರು.
“ಲೋಕಯ್ಯ, ಎಲ್ಲದಕ್ಕೂ ಹೆಸರು ಹಚ್ಚು.
ಯಾರಾದರೂ ಕೇಳಿಕೊಂಡು ಬಂದರೆ ಸಿಗಬೇಕು.”

ಅರುವತ್ತೊಂದು ಸಾವಿರ ಚಿತ್ರ.
ಒಂದೊಂದಕ್ಕೂ ನಾಲ್ಕು ಅಂಕಿಯ ನಂಬರು,
ಜೈಲಿನವರಿಗೆ ಕೊಟ್ಟ ಹಾಗೆ.

ಮದುವೆ, ಬರೆದೆ. ರೋಸ್. ಮೆಹಂದಿ. ಸೀಮಂತ.
ಪಾಸ್‌ಪೋರ್ಟ್, ಕಿವಿ ಕಾಣುವಂಥದ್ದು.
ಕಂಕನಾಡಿ ಎಂದು ಒಮ್ಮೆ, ಕಂಕ್ನಾಡಿ ಎಂದು ಒಮ್ಮೆ,
ನಿದ್ದೆಗಣ್ಣಲ್ಲಿ ಕಂಕನಾಡ್.
ಕಂಪ್ಯೂಟರಿನ ಪ್ರಕಾರ ಅವು ಮೂರು ಊರು.
ಇರಲಿ, ನಡೆದು ಹೋಗುವವನಿಗೆ ಮೇ ತಿಂಗಳಲ್ಲಿ
ಮೂರು ಊರಿನಷ್ಟೇ ದೂರ.

ತಾರೀಕಿನದ್ದು ಬೇರೆಯೇ ಕಥೆ.
ಹಳೆಯ ಕ್ಯಾಮರಾದ ಗಡಿಯಾರ ಸತ್ತಾಗಲೆಲ್ಲ
ಎರಡು ಸಾವಿರದ ಇಸವಿ ಜನವರಿ ಒಂದಕ್ಕೆ
ಓಡಿ ಹೋಗಿ ಕೂತುಬಿಡುತ್ತಿತ್ತು.
ಹಾಗಾಗಿ ಆ ಒಂದು ದಿನ ಈ ಊರಲ್ಲಿ
ನೂರ ಹದಿನೇಳು ಮದುವೆ,
ಆಟಿಯ ಮಳೆ, ವೈಶಾಖದ ಬೆವರು;
ಸಿಲ್ವಿನ್ ಎಂಬವಳು ಬೆಳಿಗ್ಗೆ ಹಲ್ಲು ಬಿದ್ದ ಹುಡುಗಿ,
ಮಧ್ಯಾಹ್ನದ ಊಟಕ್ಕೆ ಮದುಮಗಳು.
ತಿದ್ದುತ್ತ ಕೂತೆ. ಗೋಡೆಯ ಕ್ಯಾಲೆಂಡರು ಹಿಗ್ಗಿಸಿ,
ರವಿಕೆಯ ತೋಳಿನ ಉದ್ದ ಅಳೆದು,
ಎಲೆಯ ತುದಿಯಲ್ಲಿ ಮಾವಿನ ಓಟೆ ಉಂಟೋ ಎಂದು ಹುಡುಕಿ
ವರ್ಷಗಳನ್ನು ಅವರವರಿಗೆ ಹಿಂದಿರುಗಿಸಿದೆ.

ಮುಖಗಳನ್ನು ಯಂತ್ರವೇ ಗುಡ್ಡೆ ಹಾಕುತ್ತದೆ.
“ಇವರಿಬ್ಬರೂ ಒಬ್ಬರೆಯೋ?” ಎಂದು ಕೇಳುತ್ತದೆ,
ಹೆಣ್ಣು ನೋಡಲು ಬಂದ ಕಡೆಯವರ ಗಾಂಭೀರ್ಯದಲ್ಲಿ.
ಅಡುಗೆಯ ಬಾಬಣ್ಣನಿಗೂ ಸಂತ ಅಂತೋನಿಯ ಪ್ರತಿಮೆಗೂ
ನಂಟು ಹಚ್ಚಿದ್ದನ್ನು ನಾನು ಬಿಡಿಸಲಿಲ್ಲ.

ಬುಧವಾರ ಬಂದರಿನಿಂದ ನೆಬೀಸ ಬಂದಳು.
“ತಮ್ಮನ ಮದುವೆ ತೆಗೆದದ್ದು ನೀವು.
ಉಮ್ಮನದ್ದೊಂದು ಬೇಕಿತ್ತು.
ಕ್ಯಾಮರಾ ಕಂಡರೆ ತಿರುಗಿ ನಿಲ್ಲುತ್ತಿದ್ದಳು.”
ಅವ್ವಮ್ಮ ಎಂದು ಹುಡುಕಿದೆ. ಇಲ್ಲ.
ಮುಖ ಇಲ್ಲದವರು ಯಂತ್ರಕ್ಕೆ ಮನುಷ್ಯರಲ್ಲ.
ಎಂಟುನೂರ ನಲವತ್ತನ್ನೂ ಒಂದೊಂದಾಗಿ ಸರಿಸಿದೆ,
ಪಕ್ಕದಲ್ಲಿ ಅವಳ ಉಸಿರು.
ಕೊನೆಗೊಮ್ಮೆ, ಯಾರದ್ದೋ ನಗುವಿನ ಹಿಂದೆ, ಮಸುಕಾಗಿ,
ತುಪ್ಪದನ್ನದ ಪಾತ್ರೆಗೆ ಬಗ್ಗಿದ ಒಂದು ಬೆನ್ನು,
ಸೆರಗಿನ ತುದಿಗೆ ಗಂಟು ಹಾಕಿದ ಬೀಗದ ಕೈ.
“ಇದೇ. ದೊಡ್ಡದು ಮಾಡಿ ಕೊಡಿ.”
ಮುಖ ಇಲ್ಲವಲ್ಲ ಎಂದೆ.
“ಮುಖ ನನಗೆ ಗೊತ್ತುಂಟು.”

ಆ ರಾತ್ರಿ ಪಟ್ಟಿಗೆ ಹೊಸದೊಂದು ಹೆಸರು ಸೇರಿಸಿದೆ: ಬೆನ್ನು.
ಮೊದಲಿನಿಂದ ಮತ್ತೆ ನೋಡಲು ಶುರು ಮಾಡಿದರೆ
ಎಷ್ಟೊಂದು ಜನ!
ಎಲೆ ಎತ್ತುವವರು, ಮಗುವಿನ ಮೂಗು ಒರೆಸುವವರು,
ವಾಲಗ ನಿಲ್ಲಿಸಿ ಬೀಡಿಗೆ ಬೆಂಕಿ ಕೇಳುವವರು,
ಬಾಗಿಲಲ್ಲೇ ನಿಂತು ಒಳಗೆ ಬಾರದ ಒಬ್ಬಳು,
ಬೇರೆ ಬೇರೆ ನಾಲ್ಕು ಮದುವೆಗಳಲ್ಲಿ, ಅದೇ ಹಸಿರು ಸೀರೆಯಲ್ಲಿ.
ಅವಳಿಗೆ ಏನು ಬರೆಯಲಿ?
ಹಸಿರು, ಎಂದಷ್ಟೇ ಬರೆದೆ.

ಸುಮ್ಮನೆ ಒಮ್ಮೆ ಲೋಕಯ್ಯ ಎಂದು ಹುಡುಕಿದೆ.
ಸೊನ್ನೆ.
ಹತ್ತೊಂಬತ್ತು ವರ್ಷ ಲೈಟಿನ ಕೋಲು ಹಿಡಿದ ಭುಜ ಇದು,
ಎಡಕ್ಕೆ ಇಷ್ಟು ವಾಲಿಕೊಂಡೇ ಇದೆ.
ಒಂದು ಚಿತ್ರದ ಹೊಟ್ಟೆಯೊಳಗಿನ ವಿವರ ತೆರೆದೆ:
ಲೆನ್ಸು, ವೇಗ, ಬೆಳಕಿನ ಕಂಡಿಯ ಅಗಲ,
ಅದರ ಕೆಳಗೆ,
ಫ್ಲ್ಯಾಶ್: ಹೌದು.
ಹಾಗೆಂದೇ ಹುಡುಕಿದೆ.
ನಲವತ್ತೆಂಟು ಸಾವಿರ ಚಿಲ್ಲರೆ.
ಪರದೆ ತುಂಬುತ್ತಲೇ ಇತ್ತು. ಚಹಾ ಆರಿತು.

ಕಣ್ಣು ಮುಚ್ಚಿದವರ ಚಿತ್ರ ಅಳಿಸಿಬಿಡು,
ಜಾಗ ಉಳಿಯುತ್ತದೆ, ಅಂದಿದ್ದರು ಪೊರ್ಬುಗಳು.
ಅಳಿಸಿಲ್ಲ. ಬೇರೆಯೇ ಇಟ್ಟಿದ್ದೇನೆ.
ಅವರು ಕಣ್ಣು ಮುಚ್ಚಿದ್ದು
ನನ್ನಿಂದ.